ಕೇಳದೆ ಕೂರುವ ಕೆಲಸ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅಕ್ಕಾ ಅಂತ ಕರೆದ ಮೇಲೆ ನಿನಗೆ ‘ನೀವು’ ಅಂತ ಬರೆಯಲು ಕೈ ಬರುತ್ತಿಲ್ಲ. ಬೇಜಾರಿಲ್ಲ ಅಲ್ವಾ?

ಗಂಡನ ಕೆಲಸದ ವೀಸಾ ಜೊತೆ ಸಿಗುವ ಎಚ್‌-4 ವೀಸಾದಲ್ಲಿ ಡಾಲಸ್‌ಗೆ ಬಂದು ನಾಲ್ಕು ತಿಂಗಳಾಯಿತು ಅಂದಿದ್ದೀಯ. ನೀನು ಊರಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ದೌರ್ಜನ್ಯಕ್ಕೆ ಸಿಕ್ಕಿದ ಮಕ್ಕಳಿಗೆ ಎರಡು ವರ್ಷ ಕೌನ್ಸೆಲರ್ ಆಗಿದ್ದೆ. ಇಲ್ಲೂ ಅದೇ ಕೆಲಸ ಸಿಗುತ್ತದಾ, ನನ್ನ ಇಂಗ್ಲಿಷ್ ಇಲ್ಲಿನ ಮಕ್ಕಳಿಗೆ ಸಾಲುತ್ತದಾ, ಮನಸ್ಸು ತಡೆದುಕೊಳ್ಳುತ್ತದಾ ಅಂತ ಕೇಳಿದ್ದೀಯ. ನಾನು 2008ರಲ್ಲಿ ಇದೇ ವೀಸಾದಲ್ಲಿ ಇದೇ ಟೆಕ್ಸಾಸ್‌ಗೆ ಬಂದವಳು. ಇಂಗ್ಲಿಷಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಯಾಕಂದರೆ ನನ್ನ ನಿದ್ದೆ ಕೆಡಿಸಿದ್ದೂ ಅದೇ.

ಒಬ್ಬ ಹುಡುಗ ಇದ್ದ, ಎಂಟು ವರ್ಷ. ಗುರುತು ಸಿಗದ ಹಾಗೆ ಬದಲಿಸಿಯೇ ಹೇಳುತ್ತಿದ್ದೇನೆ. ಬಂದ ಕೂಡಲೇ ಕುರ್ಚಿ ಎಳೆದುಕೊಂಡು, ಬೆನ್ನು ಗೋಡೆಗೆ ತಾಗುವ ಹಾಗೆ, ಕಣ್ಣು ಬಾಗಿಲ ಮೇಲೆ ಬೀಳುವ ಹಾಗೆ ಕೂರುತ್ತಿದ್ದ. ನಾಲ್ಕು ವಾರ ಒಂದು ಮಾತಿಲ್ಲ. ಐದನೇ ವಾರ ಜ್ವಾಲಾಮುಖಿಯ ಚಿತ್ರ ತೆಗೆದೆ. ಸಿಟ್ಟಿನ ಬಗ್ಗೆ ಮಾತಾಡಿಸಲು ಬಳಸುತ್ತೇವಲ್ಲ, ಅದೇ. ಕೆಳಗೆ ಸಣ್ಣ ಸಣ್ಣ ಕಾರಣಗಳು, ಮೇಲೆ ಉಕ್ಕುವ ಬೆಂಕಿ. ‘ವಾಲ್ಕೇನೋ’ ಅಂದೆ. ಹುಡುಗ ತಲೆಯೆತ್ತಿದ. ‘ನೀನು ತಪ್ಪು ಹೇಳ್ತಿದ್ದೀಯ’ ಅಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ ಅದು.

ನಮ್ಮ ಕಷ್ಟ ನಿನಗೆ ಗೊತ್ತು. ಇಂಗ್ಲಿಷಿನವರ ವಿ, ಡಬ್ಲ್ಯೂ ಎರಡು ಅಕ್ಷರಕ್ಕೆ ನಮ್ಮಲ್ಲಿರುವುದು ಒಂದೇ ‘ವ’. ಅವನು ಹಲ್ಲನ್ನು ಕೆಳತುಟಿಯ ಮೇಲಿಟ್ಟು ತೋರಿಸಿದ. ನಾನೂ ಇಟ್ಟೆ, ಗಾಳಿ ಹೋಯಿತೇ ಹೊರತು ಅಕ್ಷರ ಬರಲಿಲ್ಲ. ನಕ್ಕ. ಅಲ್ಲಿಂದ ಪ್ರತಿ ವಾರ ಮೊದಲ ಐದು ನಿಮಿಷ ಅವನೇ ಮೇಷ್ಟ್ರು. ಶಾಲೆಯಿಂದ ಪದ ಹುಡುಕಿಕೊಂಡು ಬರುತ್ತಿದ್ದ. ತನ್ನ ಮೈಯ ಮೇಲೂ ದೊಡ್ಡವರದೇ ಅಧಿಕಾರ ಅಂತ ಕಲಿತಿದ್ದ ಮಗು ಅದು. ಒಬ್ಬ ದೊಡ್ಡವಳ ತಪ್ಪನ್ನು ತಿದ್ದಿದರೂ ಏನೂ ಆಗುವುದಿಲ್ಲ ಅಂತ ಅವನಿಗೆ ನಿಧಾನಕ್ಕೆ ಗೊತ್ತಾಯಿತು. ಒಂಬತ್ತನೇ ವಾರ ಆ ಚಿತ್ರದ ಬುಡದಲ್ಲಿ ಒಂದೇ ಒಂದು ಪದ ಬರೆದ. ನಾನು ಏನೂ ಕೇಳಲಿಲ್ಲ, ಬಣ್ಣ ತುಂಬುತ್ತಾ ಕೂತೆ. ಮುಂದಿನದನ್ನು ಹೇಳಲು ಅವನಿಗೆ ಇನ್ನೂ ಎರಡು ವಾರ ಬೇಕಾಯಿತು.

ಅದಕ್ಕೇ ಹೇಳುವುದು, ಮಕ್ಕಳ ಎದುರು ನಿನ್ನ ಉಚ್ಚಾರಣೆಗೆ ಹೆದರಬೇಡ. ಇಂಗ್ಲಿಷ್ ನಿಜವಾಗಿ ಬೇಕಾಗುವುದು ಕಾಗದದ ಮೇಲೆ. ಪ್ರತಿ ಭೇಟಿಗೂ ನೋಟ್ಸ್ ಬರೆಯಬೇಕು, ಅದು ಮುಂದೊಂದು ದಿನ ಕೋರ್ಟಿಗೆ ಹೋಗಬಹುದು. ‘ಮಗು ತಂದೆಗೆ ಹೆದರುತ್ತದೆ’ ಅಂತ ಬರೆದರೆ ವಕೀಲ ಹರಿದು ಹಾಕುತ್ತಾನೆ. ‘ತಂದೆಯ ಹೆಸರು ಬಂದಾಗ ಮಗು ಮೇಜಿನ ಕೆಳಗೆ ಹೋಗಿ ಆರು ನಿಮಿಷ ಕೂತಿತ್ತು’ ಅಂತ ಬರೆಯಬೇಕು. ಕಂಡದ್ದು, ಕೇಳಿದ್ದು, ಅಷ್ಟೇ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಮಗುವಿನ ಮಾತನ್ನು ಅದು ಆಡಿದ ಹಾಗೇ ಉದ್ಧರಣ ಚಿಹ್ನೆಯೊಳಗೆ ಹಾಕು. ವ್ಯಾಕರಣ ತಿದ್ದಬೇಡ.

ಇನ್ನು ಕೆಲಸದ ವಿಷಯ. ನಮ್ಮ ಕಡೆಯಿಂದ ಬಂದವರಿಗೆ ಇಲ್ಲಿ ಕಷ್ಟವಾಗುವುದು ಕೇಳದೆ ಕೂರುವುದು. ‘ಹೇಳು ಪುಟ್ಟಾ, ಏನಾಯ್ತು, ಯಾರು ಮಾಡಿದ್ದು?’ ಅನ್ನುವುದು ನಮ್ಮ ಬಾಯಲ್ಲಿ ತಾನಾಗಿ ಬರುತ್ತದೆ. ಅದು ಪ್ರೀತಿಯೇ, ಇಲ್ಲ ಅನ್ನುತ್ತಿಲ್ಲ. ಆದರೆ ನಡೆದದ್ದನ್ನು ಹೊರತೆಗೆಯುವುದು ಕೌನ್ಸೆಲರ್ ಕೆಲಸವಲ್ಲ. ಅದಕ್ಕೆ ಬೇರೆ ಜನ ಇದ್ದಾರೆ. ಚಿಲ್ಡ್ರನ್ಸ್ ಅಡ್ವೊಕೆಸಿ ಸೆಂಟರ್ ಅಂತ ಇರುತ್ತದೆ. ಮೊದಲನೆಯದು 1985ರಲ್ಲಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಶುರುವಾಯಿತು. ಬಡ್ ಕ್ರೇಮರ್ ಅನ್ನುವ ಸರ್ಕಾರಿ ವಕೀಲರು ಮಾಡಿದ್ದು. ಮಗು ಪೊಲೀಸರಿಗೆ ಒಂದು ಸಲ, ಡಾಕ್ಟರಿಗೆ ಒಂದು ಸಲ, ವಕೀಲರಿಗೆ ಇನ್ನೊಂದು ಸಲ ಅದೇ ಕಥೆ ಹೇಳಿ ನರಳುವುದು ತಪ್ಪಲಿ ಅಂತ. ಈಗ ದೇಶದಲ್ಲಿ ಇಂಥವು 900ಕ್ಕೂ ಹೆಚ್ಚಿವೆ. ಅಲ್ಲಿ ತರಬೇತಿ ಪಡೆದ ಒಬ್ಬರು ಮಗುವನ್ನು ಮಾತಾಡಿಸುತ್ತಾರೆ, ರೆಕಾರ್ಡ್ ಆಗುತ್ತದೆ, ತನಿಖೆಯವರು ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಾರೆ.

ಇಷ್ಟು ಬಿಗಿ ಯಾಕೆ ಅಂದರೆ, ಇಲ್ಲಿನವರು ಕೈ ಸುಟ್ಟುಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣ ಓದು. 1983ರಲ್ಲಿ ದೂರು ಬಂತು. ನೂರಾರು ಮಕ್ಕಳನ್ನು ಕೂರಿಸಿಕೊಂಡು, ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದರು. 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಕೇಸು ಮುಗಿಯಿತು. ಅಷ್ಟು ಹೊತ್ತಿಗೆ ಯಾವ ಮಗುವಿಗೆ ನಿಜವಾಗಿ ಏನಾಗಿತ್ತು ಅಂತ ಬಿಡಿಸಿ ಹೇಳುವ ಸ್ಥಿತಿಯೇ ಉಳಿದಿರಲಿಲ್ಲ. ನೀನು ಅಕ್ಕರೆಯಿಂದ ಕೇಳಿದ ಒಂದು ಪ್ರಶ್ನೆ ಆ ಮಗುವಿನ ಕೇಸನ್ನೇ ಕೆಡಿಸಬಹುದು.

ಹಾಗಂತ ಮಗು ತಾನಾಗಿ ಹೇಳಿದರೆ ಬಾಯಿ ಮುಚ್ಚಿಸುವ ಹಾಗೂ ಇಲ್ಲ. ಕೇಳಿಸಿಕೋ, ಹೇಳಿದ್ದು ಒಳ್ಳೆಯದಾಯಿತು ಅನ್ನು, ಆಮೇಲೆ ವರದಿ ಮಾಡು. ‘ಯಾರಿಗೂ ಹೇಳಲ್ಲ’ ಅಂತ ಮಾತು ಮಾತ್ರ ಕೊಡಬೇಡ, ಮೊದಲ ದಿನವೇ ಇದನ್ನು ಮಗುವಿಗೆ ತಿಳಿಸಿಬಿಡು. ವರದಿ ನಿನಗೆ ಹೊಸದಲ್ಲ, ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಟೆಕ್ಸಾಸ್‌ನಲ್ಲಿ ಒಂದು ವಿಷಯ ನೆನಪಿಡು. ಮೇಲಿನವರಿಗೆ ತಿಳಿಸಿದೆ, ಅವರು ನೋಡಿಕೊಳ್ಳುತ್ತಾರೆ ಅಂತ ಕೂರುವ ಹಾಗಿಲ್ಲ. ಅನುಮಾನ ಬಂದವರು ತಾವೇ ಫೋನ್ ಮಾಡಬೇಕು.

ಮುಟ್ಟುವ ವಿಷಯವೂ ಹಾಗೇ. ಅಳುವ ಮಗುವಿನ ತಲೆ ನೇವರಿಸಲು ಕೈ ತಾನಾಗಿ ಮುಂದೆ ಹೋಗುತ್ತದೆ. ತಡೆದುಕೋ. ‘ಪಕ್ಕ ಬಂದು ಕೂರಲಾ?’ ಅಂತ ಕೇಳು. ‘ಬೇಡ’ ಅಂದರೆ ಸಂತೋಷಪಡು. ಅದರ ‘ಬೇಡ’ಕ್ಕೆ ಈ ತನಕ ಯಾರೂ ಬೆಲೆ ಕೊಟ್ಟಿರುವುದಿಲ್ಲ.

ಚಿಕಿತ್ಸೆಯ ವಿಧಾನಗಳನ್ನು ಇಲ್ಲಿ ಉದ್ದಕ್ಕೆ ಬರೆಯುವುದಿಲ್ಲ. ಟಿಎಫ್-ಸಿಬಿಟಿ, ಅಂದರೆ ಆಘಾತ ಅನುಭವಿಸಿದ ಮಕ್ಕಳಿಗೆ ಅಂತಲೇ ಇರುವ ಮಾತಿನ ಚಿಕಿತ್ಸೆ, ಅದನ್ನು ಮಾತ್ರ ಕಲಿತುಕೋ, ಕೆಲಸದ ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಕೋಹೆನ್, ಮನ್ನಾರಿನೋ, ಡೆಬ್ಲಿಂಗರ್ ಮೂವರು ಸೇರಿ ರೂಪಿಸಿದ್ದು. ಸಾಮಾನ್ಯವಾಗಿ 12ರಿಂದ 16 ಭೇಟಿ. ಅದರಲ್ಲಿ ನನಗೆ ಇಷ್ಟವಾಗುವುದು ಏನೆಂದರೆ, ದೌರ್ಜನ್ಯ ಮಾಡದ ತಾಯಿಯನ್ನೋ ಅಜ್ಜಿಯನ್ನೋ ಜೊತೆಗೇ ಕೂರಿಸಿ ಕಲಿಸುತ್ತಾರೆ. ನಾವು ವಾರಕ್ಕೆ ಒಂದು ಗಂಟೆ ಸಿಗುವವರು. ಉಳಿದ ಹೊತ್ತು ಮಗು ಅವರ ಜೊತೆ ತಾನೇ ಇರುವುದು?

ಈಗ ಕಾಗದಪತ್ರ. ಇಲ್ಲಿ ಲೈಸೆನ್ಸ್ ಕೊಡುವುದು ರಾಜ್ಯ, ದೇಶವಲ್ಲ. ನಾನು ಸೈಕಾಲಜಿ ಓದಿದವಳು. ಅದು ಸಾಲದೆ ಇಲ್ಲಿ ಇನ್ನೊಂದು ಸಲ 60 ಕ್ರೆಡಿಟ್‌ನ ಮಾಸ್ಟರ್ಸ್ ಮಾಡಿ, 3000 ಗಂಟೆ ಬೇರೆಯವರ ಉಸ್ತುವಾರಿಯಲ್ಲಿ ಕೆಲಸ ಮಾಡಿ ಎಲ್‌ಪಿಸಿ, ಅಂದರೆ ಲೈಸೆನ್ಸ್ ಇರುವ ಕೌನ್ಸೆಲರ್ ಆದೆ. ನಿನ್ನ ದಾರಿ ಇದಕ್ಕಿಂತ ಹತ್ತಿರದ್ದು ಅಂತ ನನಗೆ ಅನಿಸುತ್ತದೆ. ನಿನ್ನದು ಎಂಎಸ್‌ಡಬ್ಲ್ಯೂ ಅಲ್ವಾ? ಸಿಎಸ್‌ಡಬ್ಲ್ಯೂಇ ಅನ್ನುವ ಸಂಸ್ಥೆ ಹೊರದೇಶದ ಸಮಾಜಕಾರ್ಯ ಪದವಿಗಳನ್ನು ತೂಗಿ ನೋಡುತ್ತದೆ. ಸಮ ಅಂತ ಒಪ್ಪಿದರೆ ಪರೀಕ್ಷೆ ಬರೆದು ಎಲ್‌ಎಂಎಸ್‌ಡಬ್ಲ್ಯೂ, ಅಂದರೆ ಲೈಸೆನ್ಸ್ ಇರುವ ಸಮಾಜಕಾರ್ಯಕರ್ತೆ ಆಗಬಹುದು. ಆಮೇಲೆ ಕನಿಷ್ಠ ಎರಡು ವರ್ಷ, 3000 ಗಂಟೆ, ಅದು ಮುಗಿದರೆ ಎಲ್‌ಸಿಎಸ್‌ಡಬ್ಲ್ಯೂ, ಅಂದರೆ ಸ್ವತಂತ್ರವಾಗಿ ಚಿಕಿತ್ಸೆ ಕೊಡುವ ಲೈಸೆನ್ಸ್. ಮಕ್ಕಳ ಜೊತೆ ಇದೇ ಕೆಲಸ ಮಾಡಲು ಅದು ಧಾರಾಳ ಸಾಕು. ಕೌನ್ಸೆಲರ್ ಅನ್ನುವ ಹೆಸರೇ ಬೇಕು ಅಂತ ಹಟ ಹಿಡಿದು ಮತ್ತೆ ಕಾಲೇಜಿಗೆ ದುಡ್ಡು ಸುರಿಯಬೇಡ.

ಗಂಡನ ಕೆಲಸ ಬೇರೆ ರಾಜ್ಯಕ್ಕೆ ಹೋದರೆ ನಿನ್ನ ಲೈಸೆನ್ಸ್ ತಾನಾಗಿ ಜೊತೆಗೆ ಬರುವುದಿಲ್ಲ. ಇದನ್ನು ಈಗಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ನನ್ನ ಗೆಳತಿಯೊಬ್ಬಳು ಉಸ್ತುವಾರಿಯ ಗಂಟೆಗಳನ್ನು ಅರ್ಧಕ್ಕೇ ಇಲ್ಲಿ ಬಿಟ್ಟು ಹೋಗಿ ಅಲ್ಲಿ ಮತ್ತೆ ಮೊದಲಿಂದ ಎಣಿಸಬೇಕಾಯಿತು. ಇನ್ನು ಕೆಲಸ ಮಾಡಲು ಇಎಡಿ, ಅಂದರೆ ಕೆಲಸದ ಪರವಾನಗಿ ಬೇಕೇ ಬೇಕು. ಎಚ್‌-4ನವರಿಗೆ ಅದು ಸಿಗಲು ಶುರುವಾಗಿದ್ದು 2015ರಲ್ಲಿ, ಅದೂ ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾದಂಥವರಿಗೆ. ನಾನು ಏಳು ವರ್ಷ ಕಾದೆ. ಓದಲು ಮಾತ್ರ ಈ ವೀಸಾ ಅಡ್ಡಿ ಮಾಡುವುದಿಲ್ಲ.

ಸಂಬಳ ಕೇಳಿಲ್ಲ ನೀನು, ಸಂಕೋಚ ಇರಬೇಕು. ವರ್ಷಕ್ಕೆ 50 ಸಾವಿರ ಡಾಲರ್ ಆಸುಪಾಸು ಅಂದುಕೋ. ಮನೆಯಲ್ಲಿ ಸಾಫ್ಟ್‌ವೇರ್ ಸಂಬಳ ನೋಡಿದ ಕಣ್ಣಿಗೆ ಇದು ತಮಾಷೆಯಾಗಿ ಕಾಣುತ್ತದೆ. ನಮ್ಮವರು ಸಿಕ್ಕಾಗ ‘ಕೋಡಿಂಗ್ ಕಲೀಬಹುದಿತ್ತಲ್ಲಾ’ ಅನ್ನುತ್ತಾರೆ. ಅವರೇ ‘ನಮ್ಮವರಲ್ಲಿ ಇಂಥದ್ದೆಲ್ಲ ಇರಲ್ಲ ಬಿಡಿ’ ಅಂತಲೂ ಅನ್ನುತ್ತಾರೆ. ಆ ಮಾತು ಕೇಳಿದಾಗ ನಾನು ಸುಮ್ನೆ ಇರಬೇಕು. ಇರುವುದಿಲ್ಲ ಅಂತ ಅವರು ಅಂದುಕೊಂಡಿರುವುದರ ಫೈಲು ನನ್ನ ಕಪಾಟಿನಲ್ಲಿ ಇರುತ್ತದೆ, ಬಾಯಿ ಬಿಡುವ ಹಾಗಿಲ್ಲ. ಪರಿಚಯದವರ ಮಗು ಬಂದರೆ ನೀನು ತೆಗೆದುಕೊಳ್ಳಬೇಡ, ಬೇರೆಯವರಿಗೆ ಕಳಿಸು. ಕನ್ನಡ ಬರುತ್ತದೆ ಅಂತ ನಿನ್ನನ್ನೇ ದುಭಾಷಿ ಮಾಡಲು ನೋಡುತ್ತಾರೆ, ಅದಕ್ಕೂ ಒಪ್ಪಬೇಡ.

ಮನಸ್ಸು ತಡೆಯುತ್ತದಾ ಅಂತ ಕೇಳಿದ್ದೀಯ. ನಾನು ಮೊದಲು ಸೇರಿದ ಕಡೆ ಹೊರಲಾರದಷ್ಟು ಕೇಸು ಕೊಟ್ಟಿದ್ದರು, ಉಸ್ತುವಾರಿ ಅನ್ನುವುದು ಹೆಸರಿಗೆ. ಆದರೂ ನನ್ನನ್ನು ಹಣ್ಣು ಮಾಡಿದ್ದು ಕೇಳಿದ ಕಥೆಗಳಲ್ಲ. ಇದ್ದಕ್ಕಿದ್ದಂತೆ ಖಾಲಿಯಾಗುವ ಕುರ್ಚಿ. ಮಗುವನ್ನು ಒಂದು ಫಾಸ್ಟರ್ ಮನೆಯಿಂದ (ಹೆತ್ತವರಿಂದ ದೂರ ಇಟ್ಟು ಸಾಕುವ ಮನೆ) ಇನ್ನೊಂದಕ್ಕೆ, ಬೇರೆ ಊರಿಗೆ ಕಳಿಸಿರುತ್ತಾರೆ. ನಿನಗೆ ಒಂದು ಇಮೇಲ್ ಬರುತ್ತದೆ. ಹೋಗಿ ಬಾ ಅನ್ನಲೂ ಆಗಿರುವುದಿಲ್ಲ. ಅದಕ್ಕೇ ನಾನು ಈಗ ಪ್ರತಿ ಭೇಟಿಯನ್ನೂ ಇದೇ ಕೊನೆಯದೇನೋ ಅನ್ನುವ ಹಾಗೆ ಮುಗಿಸುತ್ತೇನೆ. ಮಗುವಿನ ಚಿತ್ರಗಳನ್ನು ಮಗುವಿನ ಹೆಸರು ಬರೆದ ಪೆಟ್ಟಿಗೆಯಲ್ಲೇ ಇಡುತ್ತೇನೆ, ಎಲ್ಲಿಗೆ ಹೋದರೂ ಕಳಿಸಲು ಬರುತ್ತದೆ.

ಇನ್ನೊಂದು, ಇದು ನಾಚಿಕೆಯ ವಿಷಯ. ಎರಡು ವರ್ಷ ನಾನು ನನ್ನ ಮಗಳನ್ನು ಯಾರ ಮನೆಗೂ ಕಳಿಸಲಿಲ್ಲ. ಆಟದ ಕೋಚ್ ಬೆನ್ನು ತಟ್ಟಿದರೂ ನನಗೆ ಎದೆ ಡವಡವ. ಕೊನೆಗೆ ಅವಳೇ ‘ಅಮ್ಮಾ, ಎಲ್ಲರೂ ನಿನ್ನ ಆಫೀಸಿಗೆ ಬರುವವರ ಥರ ಇರಲ್ಲ’ ಅಂದಳು. ಆಮೇಲೆ ನಾನೇ ಒಬ್ಬ ಥೆರಪಿಸ್ಟ್ ಹತ್ತಿರ ಹೋದೆ, ಈಗಲೂ ಹೋಗುತ್ತೇನೆ. ನೀನು ಕೆಲಸ ಹುಡುಕುವಾಗ ಸಂಬಳಕ್ಕಿಂತ ಮೊದಲು ‘ವಾರಕ್ಕೆ ಎಷ್ಟು ಮಕ್ಕಳು, ಉಸ್ತುವಾರಿ ಯಾರು, ಎಷ್ಟು ಹೊತ್ತು ಸಿಗುತ್ತಾರೆ’ ಅಂತ ಕೇಳು. ಉತ್ತರ ಹೇಳಲು ತಡವರಿಸಿದರೆ ಬೇರೆ ಕಡೆ ನೋಡು.

ಇಎಡಿ ಬರುವ ತನಕ ಮನೆಯಲ್ಲಿ ಕೊರಗುತ್ತಾ ಕೂರಬೇಡ. ಕಾಸಾ ಅಂತ ಇದೆ, ಕೋರ್ಟ್ ನೇಮಿಸುವ ಸ್ವಯಂಸೇವಕರು. 1977ರಲ್ಲಿ ಸಿಯಾಟಲ್‌ನ ನ್ಯಾಯಾಧೀಶ ಡೇವಿಡ್ ಸೂಕಪ್ ಶುರು ಮಾಡಿದ್ದು. ಸುಮಾರು 30 ಗಂಟೆ ತರಬೇತಿ ಕೊಟ್ಟು ಒಂದು ಮಗುವಿನ ಪರವಾಗಿ ನಿನ್ನನ್ನು ನೇಮಿಸುತ್ತಾರೆ. ಸಂಬಳವಿಲ್ಲದ ಕೆಲಸ, ಆದರೆ ಇಲ್ಲಿನ ಕೋರ್ಟು, ಶಾಲೆ, ಫಾಸ್ಟರ್ ಮನೆ ಹೇಗೆ ನಡೆಯುತ್ತವೆ ಅಂತ ಒಳಗಿಂದ ಕಾಣುತ್ತದೆ. ನಾನು ಕ್ಲಾಸಿನಲ್ಲಿ ಕಲಿಯದಿದ್ದುದನ್ನು ಅಲ್ಲಿ ಕಲಿತೆ.

ಅದಕ್ಕೂ ಮೊದಲು ಈ ವಾರವೇ ನಿನ್ನ ಕಾಲೇಜಿಗೆ ಬರೆ. ಅಂಕಪಟ್ಟಿ ಹೇಗೂ ಸಿಗುತ್ತದೆ. ಸಿಕ್ಕದೆ ಸತಾಯಿಸುವುದು ಫೀಲ್ಡ್ ವರ್ಕಿನ ಪತ್ರ. ಎಲ್ಲಿ ಮಾಡಿದೆ, ಯಾರ ಕೈಕೆಳಗೆ, ಒಟ್ಟು ಎಷ್ಟು ಗಂಟೆ ಅಂತ ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿ ಕೊಡಬೇಕು. ಇಲ್ಲಿನ ಎಂಎಸ್‌ಡಬ್ಲ್ಯೂಗೆ 900 ಗಂಟೆ ಫೀಲ್ಡ್ ಕಡ್ಡಾಯ, ಅದಕ್ಕೇ ಗಂಟೆಯ ಲೆಕ್ಕ ಬರೆಯಿಸಲೇಬೇಕು. ನಿನ್ನ ಹಳೆಯ ಫೀಲ್ಡ್ ವರ್ಕ್ ಡೈರಿ ಅಮ್ಮನ ಮನೆಯಲ್ಲಿ ಎಲ್ಲಾದರೂ ಇದ್ದರೆ ಯಾರೂ ರದ್ದಿಗೆ ಹಾಕುವ ಮೊದಲು ಫೋಟೊ ತೆಗೆಸಿ ತರಿಸಿಕೋ.