ಅಮ್ಮನಿಗೆ ಫ್ಲೂ ಇಂಜೆಕ್ಷನ್ ಹಾಕಿಸಿ ಪ್ರಯೋಜನ ಉಂಟಾ?

ಪ್ರಶ್ನೆ: ಡಾಕ್ಟ್ರೇ, ನಾವು ಮಲ್ಪೆ ಹತ್ರ ಇರುದು. ಅಮ್ಮನಿಗೆ 68 ವರ್ಷ, ಶುಗರ್ ಉಂಟು. ಕಳೆದ ಸಲ ಜೂನ್ ಕೊನೆಗೆ ಫ್ಲೂ ವ್ಯಾಕ್ಸಿನ್ ಹಾಕಿಸಿದ್ದೆವು, ಒಂದು ವಾರದೊಳಗೆ ಜ್ವರ ಶೀತ ಎರಡೂ ಬಂತು. ಇಂಜೆಕ್ಷನ್‌ನಿಂದಲೇ ಬಂದದ್ದು, ಇನ್ನು ಬೇಡವೇ ಬೇಡ ಅಂತ ಅಮ್ಮ ಹಠ ಹಿಡಿದಿದ್ದಾರೆ. ವರ್ಷ ವರ್ಷ ದುಡ್ಡು ಹಾಕುದರಲ್ಲಿ ಅರ್ಥ ಉಂಟಾ?

ಉತ್ತರ: ನಿಮ್ಮ ಅಮ್ಮನ ವಯಸ್ಸಿಗೆ, ಶುಗರ್ ಬೇರೆ ಇರುವಾಗ, ಖಂಡಿತ ಉಂಟು. ಕಳೆದ ಸಲ ಹಾಕಿಸಿದ್ದು ತಡ ಆಯ್ತು ಅಷ್ಟೇ. ಈ ವ್ಯಾಕ್ಸಿನ್ ಮೈಗೆ ಹಿಡಿಲಿಕ್ಕೆ ಸುಮಾರು 2 ವಾರ ಬೇಕು, ನಮ್ಮಲ್ಲಿ ಮಳೆ ಹಿಡಿದ ಮೇಲೆ ಮನೆ ಮನೆಯಲ್ಲಿ ಜ್ವರ, ಹಾಗಾಗಿ ಅಮ್ಮನಿಗೆ ಅದಕ್ಕೆ ಮೊದಲೇ ವೈರಸ್ ತಾಗಿರ್ಬಹುದು, ಇಲ್ಲಾಂದ್ರೆ ಅದು ಫ್ಲೂ ಅಲ್ಲದ ಬೇರೆ ಶೀತವೇ ಇರ್ಬಹುದು. ಸಾಮಾನ್ಯವಾಗಿ ಹಾಕುವ ಫ್ಲೂ ಇಂಜೆಕ್ಷನ್‌ನಲ್ಲಿ ಜೀವ ಇರುವ ವೈರಸ್ ಇರುದಿಲ್ಲ, ಅದ್ರಿಂದ ಫ್ಲೂ ಬರ್ಲಿಕ್ಕೆ ಸಾಧ್ಯವೇ ಇಲ್ಲ. ಕೈ ನೋವು, ಒಂದೆರಡು ದಿನ ಮೈ ಬಿಸಿ ಆಗ್ಬಹುದು.

ಪೂರ್ತಿ ತಡಿತದಾ ಅಂದ್ರೆ ಇಲ್ಲ. ಆ ವರ್ಷ ಓಡಾಡುವ ವೈರಸ್ಸಿಗೂ ವ್ಯಾಕ್ಸಿನ್‌ಗೂ ಸರಿ ಹೊಂದಿದ್ರೆ ಫ್ಲೂ ಬಂದು ಡಾಕ್ಟ್ರ ಹತ್ರ ಓಡುವ ಚಾನ್ಸ್ ಶೇಕಡ 40ರಿಂದ 60ರಷ್ಟು ಕಮ್ಮಿ ಆಗ್ತದೆ, ಹಿರಿಯರಲ್ಲಿ ಈ ರಕ್ಷಣೆ ಇನ್ನೂ ಸ್ವಲ್ಪ ಕಮ್ಮಿಯೇ ಸಿಗ್ಬಹುದು. ಆದ್ರೂ ನಾನು ಯಾಕೆ ಇಷ್ಟು ಒತ್ತಿ ಹೇಳುದು ಅಂದ್ರೆ, ಶುಗರ್ ಇದ್ದವರಿಗೆ ಫ್ಲೂ ಬಂದ್ರೆ ಗಂಜಿ ಕುಡಿದು ನಾಲ್ಕು ದಿನ ಮಲಗಿದ್ರೆ ಮುಗಿಯುದಿಲ್ಲ, ಶುಗರ್ ಏರ್ಬಹುದು, ನ್ಯುಮೋನಿಯಾಕ್ಕೆ ತಿರುಗ್ಬಹುದು, ಫ್ಲೂ ಬಂದ ಮೊದಲ ವಾರ ಹಾರ್ಟ್ ಅಟ್ಯಾಕ್ ಆಗುವ ಅಪಾಯವೂ ಜಾಸ್ತಿ. ವ್ಯಾಕ್ಸಿನ್ ಹಾಕಿದವರಿಗೆ ಫ್ಲೂ ಬಂದ್ರೂ ಐಸಿಯುವರೆಗೆ ಹೋಗುದು ಕಮ್ಮಿ, ನನಗೆ ದೊಡ್ಡದು ಅದೇ.

ವೈರಸ್ ರೂಪ ಬದಲಾಯಿಸ್ತಾ ಇರ್ತದೆ, ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ 2 ಸಲ, ಫೆಬ್ರವರಿ ಮತ್ತೆ ಸೆಪ್ಟೆಂಬರ್‌ನಲ್ಲಿ, ಯಾವ ತಳಿ ಹಾಕ್ಬೇಕು ಅಂತ ಹೇಳ್ತದೆ. ಹಾಕಿದ್ದರ ಬಲವೂ ತಿಂಗಳು ಕಳೆದ ಹಾಗೆ ಇಳಿತದೆ. ಅದಕ್ಕೇ ಪ್ರತಿ ವರ್ಷ. ನಮ್ಮ ಕರಾವಳಿಗೆ ಏಪ್ರಿಲ್ ಕೊನೆ, ಮೇ ತಿಂಗಳು ಸರಿಯಾದ ಟೈಮ್, ಹೊಸ ಸ್ಟಾಕಾ ಅಂತ ಕೇಳಿಯೇ ಹಾಕಿಸಿ. ಮನೆಯಲ್ಲಿ ಗರ್ಭಿಣಿ ಇದ್ರೆ ಅವರಿಗೂ ಹಾಕಿಸಿ, 6 ತಿಂಗಳ ಒಳಗಿನ ಮಗುವಿಗೆ ಈ ವ್ಯಾಕ್ಸಿನ್ ಕೊಡ್ಲಿಕ್ಕೆ ಆಗುದಿಲ್ಲ, ತಾಯಿಯಿಂದ ಬಂದದ್ದೇ ಅದಕ್ಕೆ ರಕ್ಷಣೆ. ಹಿಂದೆ ಈ ಇಂಜೆಕ್ಷನ್‌ಗೆ ಜೋರು ಅಲರ್ಜಿ ಆದವರು ಮಾತ್ರ ಡಾಕ್ಟ್ರಿಗೆ ಹೇಳದೆ ತಗೊಳ್ಬೇಡಿ.

ಮತ್ತೆ, ಇಂಜೆಕ್ಷನ್ ಆಗಿದೆ ಅಂತ ಮಳೆಗಾಲದ ಜ್ವರವನ್ನು ಮನೆಯಲ್ಲೇ ಇಟ್ಕೊಂಡು ಕೂರ್ಬೇಡಿ ಮಾರಾಯ್ರೆ. ಮಲೇರಿಯಾ, ಡೆಂಗಿ, ಇಲಿ ಜ್ವರ ಯಾವುದನ್ನೂ ಇದು ತಡಿಯುದಿಲ್ಲ, ಅಮ್ಮನಿಗೆ ಜ್ವರ ಬಂದ್ರೆ ಮರುದಿನವೇ ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗಿ.