ಅಪ್ಪಾರಿಗೆ ದೊಡ್ಡಕರುಳಿನ ಕ್ಯಾನ್ಸರ್ ಬಂದಿತ್ತು, ಜ್ವಾಳದ ರೊಟ್ಟಿ ಶುರು ಮಾಡಿದ್ಮ್ಯಾಲೆ ನನಗ ಹೊಟ್ಟಿ ಉಬ್ಬರ, ರೊಟ್ಟಿ ಬಿಟ್ಟುಬಿಡ್ಲಾ ಅಂತ ಕೇಳಿದವರಿಗೆ

ಅನ್ನ ಪೂರ್ತಿ ಬಿಟ್ಟು ಒಮ್ಮೆಲೇ ಮೂರೂ ಹೊತ್ತು ರೊಟ್ಟಿಗೆ ಬಂದೀರಲ್ರಿ, ಬಹುತೇಕ ಅದ ಕಾರಣ, ರೊಟ್ಟಿದೇನು ತಪ್ಪಿಲ್ಲ. 100 ಗ್ರಾಂ ಬಿಳಿ ಅಕ್ಕಿಯಾಗ ನಾರು 3 ಗ್ರಾಮೂ ಇರಂಗಿಲ್ಲ, ಜ್ವಾಳದಾಗ 10ರ ಆಸುಪಾಸು ಐತಿ, ಗಂಗಾವತಿ ಸೋನಾಮಸೂರಿ ಉಂಡು ರೂಢಿ ಆದ ಹೊಟ್ಟಿಗೆ ಅಷ್ಟು ನಾರು ಬಿದ್ರ ಕರುಳಿನ ಬ್ಯಾಕ್ಟೀರಿಯಾ ಗ್ಯಾಸ್ ಮಾಡೇ ಮಾಡ್ತಾವು.

ಮೊದಲು ಒಂದ ಹೊತ್ತಿಗೆ ಇಳಿಸ್ರಿ, ಒಂದು ವಾರ ಹಂಗ ನಡೀಲಿ, ನೀರು ಜಾಸ್ತಿ ಕುಡೀರಿ, ನಾರು ಹೆಚ್ಚಾಗಿ ನೀರು ಕಮ್ಮಿ ಆದ್ರ ಮಲಬದ್ಧತೆ ಆಗತೈತಿ. ಆಮ್ಯಾಲೆ ಎರಡು ಹೊತ್ತು ಮಾಡ್ರಿ. ನಮ್ಮನ್ಯಾಗೂ ಹಿಂಗ ಆಗಿತ್ತು, ಮೂರನೇ ವಾರಕ್ಕ ಸರಿಹೋತು.

ಕ್ಯಾನ್ಸರ್ ವಿಷಯ ಅಂದ್ರ, 2011ರಾಗ ಬಂದ ದೊಡ್ಡ ವಿಶ್ಲೇಷಣೆಯಾಗ ದಿನಕ್ಕ 90 ಗ್ರಾಂ ಇಡೀ ಧಾನ್ಯ (ಹೊಟ್ಟು ತೆಗೀದ ಧಾನ್ಯ) ತಿನ್ನೋರಿಗೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಸುಮಾರು 17% ಕಮ್ಮಿ ಕಂಡೈತಿ. ಆದ್ರ 2000ರಾಗ ಅಮೆರಿಕದ ಟ್ರಯಲ್‌ನ್ಯಾಗ ನಾರಿನ ಊಟ ಕೊಟ್ರೂ ಪಾಲಿಪ್ (ಕರುಳಿನ ಒಳಗೋಡೆ ಮ್ಯಾಲೆ ಬೆಳೆಯೋ ಗಂಟು, ಕೆಲವು ಮುಂದ ಕ್ಯಾನ್ಸರ್ ಆಗಬಹುದು) ವಾಪಸ್ ಬರೋದು ಕಮ್ಮಿ ಆಗಲಿಲ್ಲ. ಹಂಗಾಗಿ ರೊಟ್ಟಿ ಉಣ್ರಿ, ಆದ್ರ ಅದನ್ನ ನಂಬಿ ಕರುಳಿನ ಟೆಸ್ಟ್ ಬಿಡಬ್ಯಾಡ್ರಿ.

ನಿಮ್ಮಪ್ಪಾರಿಗೆ 48ಕ್ಕ ಈ ಕ್ಯಾನ್ಸರ್ ಬಂದಿತ್ತು ಅಂದ್ರಿ, ನಿಮಗ ಈಗ 39. ಹೆತ್ತವರಿಗೆ ಬಂದಿದ್ರ 40ಕ್ಕ ಇಲ್ಲಾ ಅವರ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲು ಬರತೈತೋ ಆಗ ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ನಳಿಕೆಯಿಂದ ದೊಡ್ಡಕರುಳು ನೋಡೋ ಟೆಸ್ಟ್) ಮಾಡಿಸ್ಬೇಕು, ಅಂದ್ರ ನಿಮ್ಮ ಟೈಮ್ ಆಗ್ಲೇ ಬಂದೈತಿ. ಈ ತಿಂಗಳ ಗ್ಯಾಸ್ಟ್ರೋ ಡಾಕ್ಟರ್ ಹತ್ರ ಹೋಗ್ರಿ, ಅಪ್ಪಾರ ಬಯಾಪ್ಸಿ (ತುಣುಕು ತೆಗೆದು ಮಾಡಿದ ಪರೀಕ್ಷೆ) ರಿಪೋರ್ಟ್ ಜೋಡಿ ಒಯ್ರಿ. ಮಲದಾಗ ರಕ್ತ ಕಂಡ್ರ, ತೂಕ ಸುಮ್‌ಸುಮ್ನ ಇಳದ್ರ ತಿಂಗಳೂ ಕಾಯಬ್ಯಾಡ್ರಿ, ನಾಳೇನ ತೋರಿಸ್ರಿ.