ಕೆನಡಾದ ಪ್ರೇರಿ ರೈತರು ತೀರಿಕೊಂಡಾಗ ಪೇಪರಲ್ಲಿ ಅಷ್ಟೊಂದು ಸಂಘ, ಕಮಿಟಿ ಹೆಸರು ಯಾಕೆ ಬರುತ್ತೆ?

ನೀವು ಕೇಳಿರೋದು ಇದು: ಪ್ರೇರಿ ಅನ್ನೋ ಬಯಲು ಸೀಮೆಯ ಸಸ್ಕ್ಯಾಚುವಾನ್ ಪ್ರಾಂತ್ಯದ, ತೊಂಬತ್ತು ದಾಟಿದ ಒಬ್ಬ ರೈತರ ಶ್ರದ್ಧಾಂಜಲಿ ಓದಿದ್ರಿ, ಅದರಲ್ಲಿ ಹೆಂಡತಿ ಮಕ್ಕಳು ಮೊಮ್ಮಕ್ಕಳ ಹೆಸರಿನ ಜೊತೆಗೇ ವ್ಹೀಟ್ ಪೂಲ್ (ರೈತರೇ ಸೇರಿ ಗೋಧಿ ಮಾರೋ ಸಹಕಾರ ಸಂಘ), ಸ್ಕೂಲ್ ಬೋರ್ಡ್, ಕ್ರೆಡಿಟ್ ಯೂನಿಯನ್ (ಸಹಕಾರಿ ಬ್ಯಾಂಕ್), ಕರ್ಲಿಂಗ್ ರಿಂಕ್ (ಮಂಜುಗಡ್ಡೆ ಮೇಲೆ ಕಲ್ಲು ಜಾರಿಸೋ ಆಟದ ಅಂಗಳ) ಕಮಿಟಿ ಅಂತ ಉದ್ದಕ್ಕೆ ಪಟ್ಟಿ ಇತ್ತು, ಇದು ಬರೀ ಸತ್ತ ಮೇಲಿನ ಹೊಗಳಿಕೆನಾ ಅಥವಾ ನಿಜವಾಗ್ಲೂ ಹಾಗೆ ಬದುಕ್ತಿದ್ರಾ ಅಂತ. ನಾನು ರಿಜೈನಾದಲ್ಲಿ ಕೆಲಸ ಮಾಡೋನು, ಸುತ್ತಮುತ್ತಲ ಊರುಗಳಲ್ಲಿ ಗೋಧಿ ಬೆಳೆಯೋರ ಪರಿಚಯ ಚೆನ್ನಾಗೇ ಇದೆ. ಹೊಗಳಿಕೆ ಅಲ್ಲ. ಆ ಪಟ್ಟಿನೇ ಅವರ ಸಂಸಾರದ ಕಥೆ, ಎರಡನ್ನೂ ಬೇರೆ ಮಾಡಿ ನೋಡಕ್ಕೇ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಜಮೀನು ಹಂಚಿದ ರೀತಿ ನೋಡಿ. 1872ರ ಡೊಮಿನಿಯನ್ ಲ್ಯಾಂಡ್ಸ್ ಕಾಯ್ದೆ ಪ್ರಕಾರ ಹತ್ತು ಡಾಲರ್ ಕಟ್ಟಿದ್ರೆ 160 ಎಕರೆ, ಮೂರು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿ ತೋರಿಸಿದ್ರೆ ನಿಮ್ಮ ಹೆಸರಿಗೆ. ಎಲ್ಲ ಚೌಕ ಚೌಕ ಅಳತೆ, ಪ್ರತಿಯೊಬ್ಬರೂ ತಮ್ಮ ತಮ್ಮ ಜಮೀನಲ್ಲೇ ಮನೆ ಕಟ್ಕೋಬೇಕು, ಹಾಗಾಗಿ ನಮ್ಮ ಕಡೆ ಥರ ಊರು ಒಂದು ಕಡೆ ಹೊಲ ಒಂದು ಕಡೆ ಅಂತ ಇಲ್ಲ, ಪಕ್ಕದ ಮನೆ ಅಂದ್ರೆ ಎಷ್ಟೋ ದೂರ, ಮಧ್ಯೆ ಒಂದು ಮರ ಇಲ್ಲ, ಚಳಿಗಾಲದಲ್ಲಿ ಮೈನಸ್ ನಲವತ್ತು. ಸ್ಕೂಲು ಬೇಕಂದ್ರೆ ನಾಲ್ಕು ಜನ ಸೇರಿ ಸ್ಕೂಲ್ ಡಿಸ್ಟ್ರಿಕ್ಟ್ ಮಾಡ್ಕೊಂಡು, ತೆರಿಗೆ ಹಾಕ್ಕೊಂಡು, ಮೇಷ್ಟ್ರನ್ನ ಹುಡುಕ್ಕೊಂಡು ಬರಬೇಕು. ಫೋನ್ ಲೈನ್ ಬೇಕಂದ್ರೂ ಅಷ್ಟೇ, ಕಂಬ ನೆಡೋದೂ ಅವರೇ. ಒಕ್ಕಣೆ ಕಾಲದಲ್ಲಿ ಸ್ಟೀಮ್ ಎಂಜಿನ್ ಮಷೀನ್ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗ್ತಿತ್ತು, ಎಷ್ಟೋ ಕಡೆ ಜೊತೇಲೇ ಅಕ್ಕಪಕ್ಕದವರೂ ಮುಯ್ಯಾಳಾಗಿ ಹೋಗೋರು, ಆ ಇಡೀ ಗುಂಪಿಗೆ ದಿನಾ ಅಡುಗೆ ಮಾಡಿ ಹಾಕ್ತಿದ್ದಿದ್ದು ಆ ಮನೆ ಹೆಂಗಸರು. ಅವರ ಹೆಸರು ಆ ಪಟ್ಟಿಗಳಲ್ಲಿ ಕಮ್ಮಿ ಬರುತ್ತೆ, ಅದು ಅನ್ಯಾಯ ಅಂತಲೇ ನನಗನ್ಸೋದು.

ಒಬ್ಬರ ಬದುಕು ಹಿಡ್ಕೊಂಡು ಹೇಳಿದ್ರೆ ಸುಲಭ. ವಿಲಿಯಂ ರಿಚರ್ಡ್ ಮದರ್‌ವೆಲ್ ಅಂತ, 1860ರಲ್ಲಿ ಒಂಟಾರಿಯೋದ ಪರ್ತ್ ಹತ್ರ ಹುಟ್ಟಿದ್ದು, ಗ್ವೆಲ್ಫ್ ಕೃಷಿ ಕಾಲೇಜಲ್ಲಿ ಓದು ಮುಗಿಸಿ 1882ರಲ್ಲಿ ಪಶ್ಚಿಮಕ್ಕೆ ಬಂದು ಆಬರ್ನೆಥಿ ಅನ್ನೋ ಕಡೆ ಜಮೀನು ಹಿಡಿದ್ರು. ಎರಡು ವರ್ಷಕ್ಕೆ ಅಡಲೀನ್ ಅವರ ಜೊತೆ ಮದುವೆ, ನಾಲ್ಕು ಮಕ್ಕಳಲ್ಲಿ ಉಳಿದಿದ್ದು ಇಬ್ಬರು. ರೈಲು ಹತ್ತಿರ ಇರಲಿಲ್ಲ, ಗೋಧಿ ಮಾರಬೇಕಂದ್ರೆ ಕುದುರೆ ಗಾಡೀಲಿ ತುಂಬ್ಕೊಂಡು ಕ್ವಾಪೆಲ್ ಕಣಿವೆ ಇಳಿದು, ಮತ್ತೆ ಆಚೆ ದಂಡೆ ಹತ್ತಿ ಇಂಡಿಯನ್ ಹೆಡ್ ಸ್ಟೇಷನ್‌ಗೆ ಹೋಗಬೇಕಿತ್ತು.

ಅಷ್ಟು ಕಷ್ಟ ಪಟ್ಟು ಹೋದ್ರೆ ಅಲ್ಲಿ ಏನಾಗ್ತಿತ್ತು ಅನ್ನೋದೇ ಮುಖ್ಯ. ಸ್ಟೇಷನ್ ಪಕ್ಕದಲ್ಲಿ ಎಲಿವೇಟರ್ ಅಂತ ಎತ್ತರದ ಮರದ ಕಣಜ, ಕಂಪನಿಯವರದ್ದು. ಗೋಧಿ ಯಾವ ದರ್ಜೆ, ಕಸಕಡ್ಡಿಗೆ ಎಷ್ಟು ತೂಕ ಕಳೀಬೇಕು, ರೇಟ್ ಎಷ್ಟು, ಮೂರನ್ನೂ ಹೇಳೋನು ಕೊಳ್ಳೋನೇ. ಒಪ್ಪಲ್ಲ ಅಂದ್ರೆ ರೈತನೇ ಒಂದು ರೈಲು ಬೋಗಿ ಬುಕ್ ಮಾಡಿ, ಪ್ಲಾಟ್‌ಫಾರ್ಮಿಂದ ತಾನೇ ತುಂಬಿ ವಿನಿಪೆಗ್‌ಗೆ ಕಳಿಸಬಹುದು ಅಂತ ಕಾನೂನಿತ್ತು, ಆದ್ರೆ 1901ರಲ್ಲಿ ಭರ್ಜರಿ ಬೆಳೆ ಬಂದಾಗ ಬೋಗಿಗಳೇ ಸಾಲಲಿಲ್ಲ, ಇದ್ದ ಬೋಗಿಗಳು ಎಲಿವೇಟರ್ ಕಂಪನಿಗಳ ಪಾಲಾದ್ವು, ರೈತರ ಗೋಧಿ ಅಲ್ಲೇ ಬಿತ್ತು. ಆ ಡಿಸೆಂಬರಲ್ಲಿ ಮದರ್‌ವೆಲ್ ಮತ್ತು ಪೀಟರ್ ಡೇಮನ್ ಅನ್ನೋ ಇನ್ನೊಬ್ಬ ರೈತ ಸೇರಿ ಇಂಡಿಯನ್ ಹೆಡ್‌ನಲ್ಲಿ ಸಭೆ ಕರೆದ್ರು, ಟೆರಿಟೋರಿಯಲ್ ಗ್ರೇನ್ ಗ್ರೋಯರ್ಸ್ ಅಸೋಸಿಯೇಷನ್ ಅನ್ನೋ ಧಾನ್ಯ ಬೆಳೆಗಾರರ ಸಂಘ ಹುಟ್ಟಿದ್ದು ಹಾಗೆ, ಮದರ್‌ವೆಲ್ ಅಧ್ಯಕ್ಷ.

ಅವರು ಗೆದ್ದಿದ್ದು ಕೇಳೋಕೆ ಸಣ್ಣ ವಿಷಯ: ಒಂದು ಪುಸ್ತಕ. ಪ್ರತಿ ಸ್ಟೇಷನ್ನಲ್ಲೂ ಬೋಗಿ ಕೇಳಿದವರ ಹೆಸರು ಬಂದ ಕ್ರಮದಲ್ಲೇ ಬರೀಬೇಕು, ಅದೇ ಕ್ರಮದಲ್ಲೇ ಬೋಗಿ ಕೊಡಬೇಕು, ಕಂಪನಿ ಆದ್ರೂ ಅಷ್ಟೇ ರೈತ ಆದ್ರೂ ಅಷ್ಟೇ. 1902ರಲ್ಲಿ ಕಾನೂನಾಯ್ತು, ಆದ್ರೂ ಸಿಂಟಲೂಟ ಅನ್ನೋ ಸ್ಟೇಷನ್ನಿನ ಏಜೆಂಟ್ ಕ್ರಮ ಪಾಲಿಸಲಿಲ್ಲ ಅಂತ ರೈತರು ಕೇಸ್ ಹಾಕಿ ಗೆದ್ರು, ಮೇಲ್ಮನವೀಲೂ ರೈಲ್ವೆ ಕಡೆಯವರಿಗೆ ಸೋಲೇ. ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಅಂದ್ರೆ ಆಗ ಇಲ್ಲಿ ಸರ್ಕಾರಕ್ಕಿಂತ ದೊಡ್ಡದು, ಅದರ ಎದುರು ಉಳುಮೆ ಮಾಡೋರು ನಿಂತು ಗೆದ್ದಿದ್ದು ನೆನೆಸ್ಕೊಂಡ್ರೆ ನನಗೆ ಈಗ್ಲೂ ಖುಷಿಯಾಗುತ್ತೆ. ಮಕ್ಕಳ ಹೊಟ್ಟೆ ಬಟ್ಟೆ ಆ ಬೋಗಿ ಮೇಲೇ ನಿಂತಿತ್ತಲ್ವಾ, ಮೀಟಿಂಗ್‌ಗೆ ಹೋಗೋದು ಅಂದ್ರೆ ಮನೆ ಬಿಟ್ಟು ಹೋಗೋದಲ್ಲ, ಮನೆ ಕೆಲಸಾನೇ ಅದು.

ಈ ಸಂಘದ ದಾರೀಲೇ ಮುಂದಿಂದೆಲ್ಲ ಬಂದಿದ್ದು. ಸಿಂಟಲೂಟದ್ದೇ ರೈತ ಪಾರ್ಟ್ರಿಜ್ ಮುಂದೆ ನಿಂತು 1906ರಲ್ಲಿ ರೈತರದ್ದೇ ಗೋಧಿ ವ್ಯಾಪಾರದ ಕಂಪನಿ, 1911ರಲ್ಲಿ ಸಹಕಾರಿ ಎಲಿವೇಟರ್, ಇಪ್ಪತ್ತರ ದಶಕದಲ್ಲಿ ನೀವು ಓದಿದ ಆ ವ್ಹೀಟ್ ಪೂಲ್. ಡಾಕ್ಟರ್ ವಿಷಯಾನೂ ಇದೇ ಥರ, ಸಾರ್ನಿಯಾ ಅನ್ನೋ ಗ್ರಾಮೀಣ ಮುನಿಸಿಪಾಲಿಟಿ 1915ರ ಹೊತ್ತಿಗೇ ತೆರಿಗೆ ದುಡ್ಡಲ್ಲಿ ಡಾಕ್ಟರ್ ಇಟ್ಕೊಂಡಿತ್ತು, 1962ರಲ್ಲಿ ಇಡೀ ಪ್ರಾಂತ್ಯಕ್ಕೆ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಬಂತಲ್ಲ, ಅದರ ಬೇರು ಇಂಥ ಕಡೆ ಇದೆ.

ಮದರ್‌ವೆಲ್ ವಿಷಯಕ್ಕೆ ಬರ್ತೀನಿ. 1905ರಲ್ಲಿ ಸಸ್ಕ್ಯಾಚುವಾನ್ ಪ್ರಾಂತ್ಯ ಆಯ್ತು, ಅವರು ಮೊದಲ ಕೃಷಿ ಮಂತ್ರಿ ಆದ್ರು, ಅದೇ ವರ್ಷ ಅಡಲೀನ್ ತೀರಿಕೊಂಡ್ರು. 1908ರಲ್ಲಿ ಕ್ಯಾಥರಿನ್ ಗಿಲ್ಲೆಸ್ಪಿ ಅವರನ್ನ ಮದುವೆ ಆದ್ರು. ಮಂತ್ರಿಯಾಗಿದ್ದ ಕಾಲದ್ದು ನನಗೆ ಇಷ್ಟವಾದ ವಿಷಯ ಅಂದ್ರೆ 1914ರಲ್ಲಿ ಶುರುವಾದ ಬೆಟರ್ ಫಾರ್ಮಿಂಗ್ ಟ್ರೈನ್, ದನ ಕೋಳಿ ಬೀಜ ಯಂತ್ರ ಎಲ್ಲ ರೈಲಿಗೆ ತುಂಬಿ, ಯೂನಿವರ್ಸಿಟಿ ಮೇಷ್ಟ್ರನ್ನೂ ಹತ್ತಿಸ್ಕೊಂಡು ಊರೂರಿಗೆ ಹೋಗಿ ಪಾಠ ಮಾಡೋದು. 1918ರಲ್ಲಿ ಶಾಲೆಗಳಲ್ಲಿ ಫ್ರೆಂಚ್ ಬೋಧನೆಗೆ ಮಿತಿ ಹಾಕೋದು ಸರಿ ಅಲ್ಲ ಅಂತ ತಮ್ಮ ಪಕ್ಷದ ಸರ್ಕಾರದಿಂದಲೇ ರಾಜೀನಾಮೆ ಕೊಟ್ಟು ಹೊರಗೆ ಬಂದ್ರು, ಅವರೇನು ಫ್ರೆಂಚರಲ್ಲ. ಆಮೇಲೆ ರಾಜಧಾನಿ ಒಟ್ಟಾವಾದಲ್ಲಿ ಕೇಂದ್ರ ಕೃಷಿ ಮಂತ್ರಿ, 1940ರ ತನಕ ಸಂಸದ, ಅಂದ್ರೆ ಎಂಬತ್ತು ವಯಸ್ಸಿನವರೆಗೂ. 1943ರಲ್ಲಿ ತೀರಿಕೊಂಡ್ರು.

ಎಲ್ಲಾನೂ ಸರಿಯಾಗೇ ಮಾಡಿದ್ರು ಅಂತ ನಾನು ಹೇಳಲ್ಲ. ಹೊಲಾನ ಒಂದು ವರ್ಷ ಬೀಳು ಬಿಟ್ಟು, ಕಳೆ ಬರದ ಹಾಗೆ ಉತ್ತು ಉತ್ತು ಹದ ಉಳಿಸೋ ಪದ್ಧತಿಯನ್ನ ಅವರು ತುಂಬ ಪ್ರಚಾರ ಮಾಡಿದ್ರು, ಮಳೆ ಕಮ್ಮಿ ಇದ್ದಾಗ ಅದು ಬೆಳೆ ಉಳಿಸಿದ್ದು ನಿಜ, ಆದ್ರೆ ಮೂವತ್ತರ ದಶಕದ ಬರದಲ್ಲಿ ಹಾಗೆ ಬರಿದಾಗಿದ್ದ ಮಣ್ಣು ಗಾಳಿಗೆ ಎದ್ದು ಹೋಯ್ತು. ಇನ್ನೊಂದು, ಈ 160 ಎಕರೆಗಳು ಖಾಲಿ ಬಿದ್ದಿದ್ದ ಜಾಗ ಅಲ್ಲ, ಕ್ರೀ, ಸೋಟೋ ಅನ್ನೋ ಮೂಲನಿವಾಸಿ ಜನ 1874ರಲ್ಲಿ ಕ್ವಾಪೆಲ್‌ನಲ್ಲೇ ಸರ್ಕಾರದ ಜೊತೆ ಟ್ರೀಟಿ ನಾಲ್ಕು ಅನ್ನೋ ಒಪ್ಪಂದಕ್ಕೆ ಸಹಿ ಹಾಕಿದ ನೆಲ, ಎಂಟೇ ವರ್ಷದಲ್ಲಿ ಅಲ್ಲಿ ಉಳುಮೆ ಶುರುವಾಗಿತ್ತು, ಅವರನ್ನ ರಿಸರ್ವ್ ಅನ್ನೋ ಮೀಸಲು ಜಾಗಗಳಿಗೆ ಸೇರಿಸಿದ್ರು, ಮಕ್ಕಳನ್ನ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ರು. ಕ್ಯಾಥರಿನ್ ಮದುವೆಗೆ ಮುಂಚೆ ಕೆಲಸ ಮಾಡ್ತಿದ್ದಿದ್ದು ಫೈಲ್ ಹಿಲ್ಸ್ ಅನ್ನೋ ಅಂಥದೇ ಸ್ಕೂಲಲ್ಲಿ. ನೆರೆಹೊರೆ ಅಂತ ಅಷ್ಟು ಮಾತಾಡ್ತಿದ್ದ ಆ ಕಾಲದ ರೈತರ ಲೆಕ್ಕದಲ್ಲಿ ಈ ನೆರೆಯವರು ಬರಲೇ ಇಲ್ಲ, ಇದನ್ನ ಬಿಟ್ಟು ಪ್ರೇರಿ ರೈತರ ಕಥೆ ಹೇಳಬಾರದು.

ಸಾಧ್ಯವಾದ್ರೆ ಮದರ್‌ವೆಲ್ ಅವರ ತೋಟದ ಮನೆ ನೋಡಿ, ಲ್ಯಾನಾರ್ಕ್ ಪ್ಲೇಸ್ ಅಂತ ಹೆಸರು, ಈಗ ರಾಷ್ಟ್ರೀಯ ಸ್ಮಾರಕ, ಪಾರ್ಕ್ಸ್ ಕೆನಡಾ ನೋಡ್ಕೊಳ್ಳುತ್ತೆ. ಕಲ್ಲಿನ ಮನೆ 1897ರದ್ದು, ವರ್ಷಾನುಗಟ್ಟಲೆ ಕಲ್ಲು ಆರಿಸಿ ತಂದು ಕೂಡಿಟ್ಟು ಕಟ್ಟಿಸಿದ್ದು, ಹತ್ರ ಹೋಗಿ ನೋಡಿದ್ರೆ ಬೂದು, ಕಂದು, ಗುಲಾಬಿ ಬಣ್ಣದ ಕಲ್ಲುಗಳು ಒಂದರ ಪಕ್ಕ ಒಂದು ಕಾಣುತ್ತೆ. ಸುತ್ತ ಮರದ ಸಾಲು ನೆಟ್ಟು ಮನೆ, ಕೈತೋಟ, ಕೊಟ್ಟಿಗೆ, ನೀರಿನ ಹೊಂಡ ಅಂತ ನಾಲ್ಕು ಭಾಗ ಮಾಡಿದಾರೆ, ಚಳಿಗಾಲದ ಹಿಮ ಆ ಮರಗಳಿಗೆ ತಡೆದು ನಿಂತು, ಕರಗಿದ ನೀರು ಹೊಂಡ ಸೇರುತ್ತೆ.

ನೀವು ಓದಿದ ರೈತರ ಬಗ್ಗೆ ಇನ್ನೂ ತಿಳ್ಕೋಬೇಕಂದ್ರೆ ಅವರ ಊರಿನ ಲೋಕಲ್ ಹಿಸ್ಟರಿ ಪುಸ್ತಕ ಹುಡುಕಿ. ಪ್ರಾಂತ್ಯಕ್ಕೆ 75 ವರ್ಷ ಆದ 1980ರ ಆಸುಪಾಸಲ್ಲಿ ಸುಮಾರು ಊರಿನವರು ತಾವೇ ಕೂತು ಇಂಥ ಪುಸ್ತಕ ಮಾಡಿದ್ರು, ಮನೆ ಮನೆ ಕಥೆ ಇರುತ್ತೆ. ಅದರಲ್ಲಿ ಯಾವ ಬೋರ್ಡಲ್ಲಿ ಯಾರ್ಯಾರ ಜೊತೆ ಇದ್ರು, ಯಾವ ವರ್ಷ ರಿಂಕ್ ಕಟ್ಟಿದ್ರು ಅಂತೆಲ್ಲ ಸಿಗುತ್ತೆ, ಊರಿನ ಹೆಸರು ಕಾಮೆಂಟಲ್ಲಿ ಹಾಕಿದ್ರೆ ನಾನೂ ಇಲ್ಲಿನ ಲೈಬ್ರರೀಲಿ ನೋಡಿ ಹೇಳ್ತೀನಿ.